ಪಾಠ ಮೊದಲು, ಬಸ್ಸು ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ. ಈಗ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿರುವ ಹಾಸನ, ಚಿಕ್ಕಮಗಳೂರು ಜಿಲ್ಲೆಯ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಇನ್ನೊಂದು ನಮಸ್ಕಾರ. ಇವತ್ತು ನಾನು ಮಾತಾಡುವುದು ನಿಮ್ಮ ಜೊತೆಗೇ. ಶಾಲಾ ಪ್ರವಾಸಕ್ಕೆ ಕಂಪನಿಗಳಿಂದ ದುಡ್ಡು ಪಡೆಯುವುದು ಹೇಗೆ ಅಂತ ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಕೊಟ್ಟಿರುವ ಸಮಯ ಕಮ್ಮಿ. ಪರವಾಗಿಲ್ಲ, ನನಗೆ ಹೇಳುವುದಕ್ಕಿರುವುದೂ ಒಂದೇ ಮಾತು. ಪಾಠ ಮೊದಲು, ಬಸ್ಸು ಆಮೇಲೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಒಂದು ಕಂಪನಿಗೆ ಶಾಲೆಗಳಿಂದ ಬರುವ ಅರ್ಜಿಗಳನ್ನು ಓದಿ, ಯಾವುದಕ್ಕೆ ಕೊಡಬಹುದು ಅಂತ ಹೇಳುವ ಕೆಲಸ ಮಾಡುತ್ತಿದ್ದೇನೆ. ಅರ್ಜಿಗಳು ಹೇಗಿರುತ್ತವೆ ಗೊತ್ತಾ? "ಮಾನ್ಯರೇ, ನಮ್ಮ ಶಾಲೆಯ ಬಡ ಮಕ್ಕಳ ಶೈಕ್ಷಣಿಕ ಪ್ರವಾಸಕ್ಕೆ ತಾವು ದೊಡ್ಡ ಮನಸ್ಸು ಮಾಡಿ ಧನಸಹಾಯ ನೀಡಬೇಕೆಂದು ಕೋರುತ್ತೇವೆ." ಕೆಳಗೆ ಸೀಲು, ಸಹಿ. ಮುಗಿಯಿತು. ಎಲ್ಲಿಗೆ ಹೋಗುತ್ತೀರಿ? ಬರೆದಿಲ್ಲ. ಯಾವ ಕ್ಲಾಸಿನ ಮಕ್ಕಳು? ಬರೆದಿಲ್ಲ. ಎಷ್ಟು ದುಡ್ಡು ಬೇಕು? ಅದೂ ಇಲ್ಲ. ದೊಡ್ಡ ಮನಸ್ಸು ಮಾತ್ರ ಎಲ್ಲ ಅರ್ಜಿಯಲ್ಲೂ ಇರುತ್ತದೆ.

ದೊಡ್ಡ ಮನಸ್ಸಿನ ಮಾತೇ ಬೇಡ ಸ್ವಾಮಿ, ಇದು ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರಳವಾಗಿ ಹೇಳುತ್ತೇನೆ. ವರ್ಷಕ್ಕೆ 5 ಕೋಟಿ ರೂಪಾಯಿ ಲಾಭ ಮಾಡುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿಯನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಊರಿನ ಆಸುಪಾಸಿಗೆ ಆದ್ಯತೆ ಕೊಡಬೇಕು. ಯಾವ್ಯಾವುದಕ್ಕೆ ಖರ್ಚು ಮಾಡಬಹುದು ಅಂತ ಒಂದು ಪಟ್ಟಿ ಇದೆ, ಅದರಲ್ಲಿ ಶಿಕ್ಷಣವೂ ಇದೆ. ಸಿಎಸ್‌ಆರ್, ಸಿಎಸ್‌ಆರ್ ಅಂತಾರಲ್ಲ, ಅದು ಇದೇ.

ಹಾಗಾದರೆ ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ? ಗೋಡೆಗೆ ಬಣ್ಣ, ಬೆಂಚು, ನೀರಿನ ಫಿಲ್ಟರು, ಸ್ಮಾರ್ಟ್ ಕ್ಲಾಸಿನ ಟಿವಿ. ಬೇಡ ಅನ್ನುವುದಿಲ್ಲ. ಆದರೆ ಬೆಂಚಿನ ಮೇಲೆ ಕಂಪನಿಯ ಹೆಸರು ಬರೆಸಬಹುದು, ಅಲ್ವಾ? ಹಳೇಬೀಡು ನೋಡಿ ಬಂದ ಮಗುವಿನ ಮೇಲೆ ಬರೆಸುವುದಕ್ಕಾಗುವುದಿಲ್ಲ. ಅದಕ್ಕೇ ಪ್ರವಾಸದ ಯೋಚನೆ ಕಂಪನಿಯವರಿಗೆ ತಾನಾಗಿ ಬರುವುದಿಲ್ಲ. ನೀವು ಕೇಳಬೇಕು.

ಅಮೆರಿಕದಲ್ಲಿ ಟಾರ್ಗೆಟ್ ಅಂತ ಒಂದು ದೊಡ್ಡ ಅಂಗಡಿಗಳ ಕಂಪನಿ ಇದೆ. 2007ರಲ್ಲಿ ಅವರು ಶಾಲಾ ಪ್ರವಾಸಕ್ಕೆ ಅಂತಲೇ ಅನುದಾನ ಶುರು ಮಾಡಿದರು. ಹಲವು ವರ್ಷ ಒಂದೊಂದು ಪ್ರವಾಸಕ್ಕೆ 700 ಡಾಲರ್‌ವರೆಗೆ ಕೊಟ್ಟರು. ಅರ್ಜಿ ಬರೆಯುತ್ತಿದ್ದವರು ಪಾಠ ಮಾಡುವ ಟೀಚರ್. ಮಕ್ಕಳು ಅಲ್ಲಿಗೆ ಹೋಗಿ ಏನು ಕಲಿಯುತ್ತಾರೆ ಅಂತ ಟೀಚರೇ ಹೇಳಬೇಕಿತ್ತು. ನಮ್ಮಲ್ಲೂ ಲೆಕ್ಕ ಅದೇ. ಮ್ಯಾರಥಾನ್, ಪ್ರಶಸ್ತಿ ಸಮಾರಂಭ, ಹೀಗೆ ಒಂದು ದಿನ ನಡೆದು ಮುಗಿದು ಹೋಗುವ ಕಾರ್ಯಕ್ರಮಗಳನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಕೇಂದ್ರ ಸರ್ಕಾರ 2014ರಲ್ಲೇ ಸುತ್ತೋಲೆ ಹೊರಡಿಸಿತ್ತು. ಸುಮ್ನೆ ಟೂರು ಅಂದರೆ ನಮ್ಮ ಆಡಿಟರು ಕೆಂಪು ಗೀಟು ಎಳೆಯುತ್ತಾರೆ. ಪಾಠದ ಭಾಗ ಅಂದರೆ ಎಳೆಯುವುದಿಲ್ಲ. ಗೊತ್ತಾಯ್ತಲ್ಲ? ಪಾಠ ಮೊದಲು, ಬಸ್ಸು ಆಮೇಲೆ.

ಒಂದು ಅರ್ಜಿಯ ಕಥೆ ಹೇಳುತ್ತೇನೆ. ನಾನು ಎಲ್ಲಿ ಹೋದರೂ ಇದನ್ನೇ ಹೇಳುವವನು, ಮೊದಲೇ ಕೇಳಿದವರು ಸಹಿಸಿಕೊಳ್ಳಿ. ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿಯ ವಿಜ್ಞಾನದ ಟೀಚರ್ ಕಳಿಸಿದ್ದು, ಒಂದೇ ಪುಟ. ಮೊದಲ ಸಾಲು ಹೀಗಿತ್ತು: "ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡಲು ಹಳೇಬೀಡಿಗೆ ಹೋಗಬೇಕಾಗಿದೆ." ನಾನು ಇನ್ನೊಂದು ಸಲ ಓದಿದೆ. ಹಳೇಬೀಡಿಗೆ ಇತಿಹಾಸಕ್ಕೆ ಹೋಗುತ್ತಾರೆ, ಶಿಲ್ಪಕ್ಕೆ ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುವುದಕ್ಕೆ ಹೋಗುತ್ತಾರೆ. ಬೆಳಕಿನ ಪಾಠಕ್ಕೆ ಯಾರು ಹೋಗುತ್ತಾರೆ?

ಉತ್ತರ ಎರಡನೇ ಸಾಲಿನಲ್ಲೇ ಇತ್ತು. ಹೊಯ್ಸಳೇಶ್ವರ ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಸ್ತಿಹಳ್ಳಿಯಲ್ಲಿ, ಪಾರ್ಶ್ವನಾಥ ಬಸದಿ ಇದೆ. ವಿಷ್ಣುವರ್ಧನನ ಕಾಲದಲ್ಲಿ, 1133ರಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ಶಾಲೆಯ ಬಸ್ಸುಗಳು ದೊಡ್ಡ ದೇವಸ್ಥಾನ ತೋರಿಸಿ ಹಾಗೇ ಬೇಲೂರಿಗೆ ಓಡುತ್ತವೆ, ಇಲ್ಲಿ ನಿಲ್ಲಿಸುವವರು ಕಮ್ಮಿ. ಒಳಗಿನ ಕಂಬಗಳು ಬಳಪದ ಕಲ್ಲಿನವು. ತಿರುಗಿಸಿ ಕಡೆದು, ಉಜ್ಜಿ ಉಜ್ಜಿ ಎಷ್ಟು ಹೊಳಪು ಕೊಟ್ಟಿದ್ದಾರೆ ಅಂದರೆ ಮುಂದೆ ನಿಂತರೆ ನಮ್ಮ ಮುಖ ಕಾಣುತ್ತದೆ. ಕಂಬ ಉಬ್ಬಿದ ಕಡೆ ಪೀನ ದರ್ಪಣ, ತಗ್ಗಿದ ಕಡೆ ನಿಮ್ನ ದರ್ಪಣ. "ನಮ್ಮ ಲ್ಯಾಬಿನಲ್ಲಿರುವುದು ಒಂದೇ ದರ್ಪಣ, ಅದರ ಅಂಚೂ ಒಡೆದಿದೆ" ಅಂತ ಆಯಮ್ಮ ಬರೆದಿದ್ದರು. ಆಮೇಲೆ ಮಕ್ಕಳ ಸಂಖ್ಯೆ, ಕಿಲೋಮೀಟರು, ಕೆಎಸ್‌ಆರ್‌ಟಿಸಿ ಡಿಪೋದವರು ಹೇಳಿದ ಬಾಡಿಗೆ. ಡಿಪೋದ ಚೀಟಿಯನ್ನೇ ಗುಂಡುಪಿನ್ನು ಹಾಕಿ ಸಿಕ್ಕಿಸಿದ್ದರು. ನಮ್ಮ ಸಮಿತಿಯಲ್ಲಿ ಚರ್ಚೆಯೇ ಆಗಲಿಲ್ಲ. ಲೆಕ್ಕಪತ್ರದವರೊಬ್ಬರು "ಸಾರ್, ನಾನೂ ಹೋಗಿ ಬರಲಾ?" ಅಂದರು.

ಹೋಗುವ ಮೊದಲು ಟೀಚರ್ ಮಕ್ಕಳಿಗೆಲ್ಲ ಮನೆಯಿಂದ ಸ್ಟೀಲ್ ಚಮಚ ತರಿಸಿದ್ದರು. ಚಮಚದ ಒಳಗೆ ನೋಡಿಕೊಂಡರೆ ಮುಖ ತಲೆಕೆಳಗು. ಬೆನ್ನ ಕಡೆ ನೋಡಿಕೊಂಡರೆ ನೇರ, ಆದರೆ ಸಣ್ಣದು. ಒಂದು ಪೀರಿಯಡ್ ಪೂರ್ತಿ ಅದೇ ಆಟ. ಬಸ್ಸು ಹತ್ತಿದ್ದು ಆಮೇಲೆ.

ಕಂಪನಿ ಕಡೆಯಿಂದ ನಾನೇ ಜೊತೆಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ತಂಪು, ಸ್ವಲ್ಪ ಮಬ್ಬು. ಒಬ್ಬಳು ಹುಡುಗಿ ಕಂಬದ ಮುಂದೆ ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಆಮೇಲೆ ಜೋರಾಗಿ, "ಮಿಸ್, ಚಮಚ! ಇಲ್ಲೂ ಚಮಚ!" ಅಂತ ಕೂಗಿದಳು. ಬಾಕಿ ಮಕ್ಕಳೆಲ್ಲ ಅಲ್ಲಿಗೆ ಓಡಿದರು. ಒಬ್ಬ ಹುಡುಗ ಮಾತ್ರ ಮುಖ ನೋಡಿಕೊಳ್ಳಲೇ ಇಲ್ಲ. ಕಂಬದ ಸುತ್ತ ಸಣ್ಣ ಸಣ್ಣ ಗೆರೆಗಳಿರುತ್ತವೆ, ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದು ಸುತ್ತು ಬಂದ. "ಇದು ಲೇತ್ ಕೆಲಸ ಮಿಸ್. ನಮ್ಮಪ್ಪ ಮಾಡೋದು ಇದನ್ನೇ" ಅಂದ. ಅವರ ತಂದೆ ಹಾಸನದಲ್ಲಿ ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರಂತೆ. "ಕರೆಂಟಿಲ್ಲದೆ ಇಷ್ಟು ತೂಕದ ಕಂಬ ಹೆಂಗ್ ತಿರುಗಿಸಿದ್ರು?" ಅಂತ ಕೇಳಿದ. ಟೀಚರ್ ನನ್ನ ಮುಖ ನೋಡಿದರು. ನಾನು ಬಸದಿಯ ಕಾವಲುಗಾರರ ಮುಖ ನೋಡಿದೆ. ಅವರು ಹೊರಗೆ ನೋಡಿದರು. ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತ ಅಷ್ಟು ಮಾತ್ರ ಹೇಳಿದೆ. ಅವನಿಗೆ ಸಾಕಾಗಲಿಲ್ಲ. "ನಮ್ಮಪ್ಪನ್ನೇ ಕೇಳ್ತೀನಿ ಬಿಡಿ" ಅಂದ. ಬ್ಯಾನರ್ ಹಿಡಿದು ಗ್ರೂಪ್ ಫೋಟೋ ತೆಗೆಸಿದ್ದರೆ ಈ ಪ್ರಶ್ನೆ ಬರುತ್ತಿತ್ತಾ ಹೇಳಿ.

ಆಚೆ ಕೋಣೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆಯೇ ಜಾಸ್ತಿಯಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಅರ್ಜಿಯನ್ನು ಜೂನ್ ಜುಲೈನಲ್ಲಿ ಕಳಿಸಿ. ಡಿಸೆಂಬರ್‌ನಲ್ಲಿ ಬಸ್ಸು ಬೇಕು ಅಂತ ನವೆಂಬರ್ ಕೊನೆಗೆ ಬರೆದರೆ ಯಾವ ಕಂಪನಿಯಿಂದಲೂ ಆಗುವುದಿಲ್ಲ, ದಯವಿಟ್ಟು ನಮ್ಮನ್ನು ಬೈಯಬೇಡಿ. ದುಡ್ಡು ನಿಮ್ಮ ಕೈಗೆ ಬರುವುದೇ ಬೇಡ, ಬಸ್ಸಿನ ಬಾಡಿಗೆಯನ್ನು ಕಂಪನಿಯೇ ಡಿಪೋಗೆ ಕಟ್ಟಲಿ ಅಂತ ಬರೆಯಿರಿ, ಅರ್ಧ ತಲೆನೋವು ಹೋಗುತ್ತದೆ. ಬಿಇಒ ಕಚೇರಿಯ ಅನುಮತಿ, ಅಪ್ಪ ಅಮ್ಮಂದಿರ ಒಪ್ಪಿಗೆ ಪತ್ರ, ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ, ಇವು ನಿಮಗೆ ಗೊತ್ತೇ ಇವೆ.

ಎಲ್ಲಿಗೆ ಹೋಗುವುದು ಅಂತ ಕೇಳಬೇಡಿ. ಹಾಸನದಲ್ಲೇ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆ, 1982ರಿಂದ ನಮ್ಮ ಉಪಗ್ರಹಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಿದ್ದಾರೆ. ಅನುಮತಿಗೆ ಮೊದಲೇ ಬರೆಯಬೇಕು. ಚಿಕ್ಕಮಗಳೂರಿನ ಕಡೆಯವರಿಗೆ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಇದೆ, 1925ರಲ್ಲಿ ಶುರುವಾದದ್ದು. ತೋಟದ ಮಕ್ಕಳಿಗೆ ಕಾಫಿ ಗಿಡ ಏನು ತೋರಿಸುವುದು ಅಂತೀರಾ? ಕಾಂಡಕೊರಕ ಹುಳು ಗಿಡದ ಒಳಗೆ ಹೇಗೆ ದಾರಿ ಕೊರೆಯುತ್ತದೆ, ಅದಕ್ಕೆ ಏನು ಮಾಡಬೇಕು ಅಂತ ಅಲ್ಲಿ ಕೇಳಿಸಿ. ಜೀವಶಾಸ್ತ್ರದ ಪಾಠ ಸಿದ್ಧ. ಆದರೆ ಅರ್ಜಿಯ ಮೊದಲ ಸಾಲಿನಲ್ಲಿ ಆ ಪಾಠದ ಹೆಸರಿರಲಿ. ಪಾಠ ಮೊದಲು.

ಇನ್ನೊಂದೇ ಮಾತು. ಪ್ರವಾಸದ ದಿನ ಬಂದರೆ ಜ್ವರ, ಹೊಟ್ಟೆನೋವು ಅಂತ ಮನೆಯಲ್ಲಿ ಉಳಿಯುವ ಮಕ್ಕಳು ಯಾರು, ಯಾಕೆ ಉಳಿಯುತ್ತಾರೆ ಅಂತ ನಿಮಗೆ ಚೆನ್ನಾಗಿ ಗೊತ್ತು. ದುಡ್ಡು ಕೊಟ್ಟ ಮಕ್ಕಳ ಹೆಸರಷ್ಟೇ ಎಣಿಸಿ ಲೆಕ್ಕ ಕಳಿಸಬೇಡಿ. ಹಾಜರಿ ಪುಸ್ತಕ ತೆಗೆದು, ಇಡೀ ಕ್ಲಾಸಿನ ಲೆಕ್ಕ ಹಾಕಿ ಕಳಿಸಿ. ನಮಸ್ಕಾರ.