ಹಳದಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಮೊಬೈಲಿನಲ್ಲಿ ಪೂರ್ತಿ ಹಳದಿಯಾಗಿರುವ ಯಾವುದಾದರೂ ಚಿತ್ರ ತೆರೆಯಿರಿ. ಬೆರಳ ತುದಿಯಿಂದ ಸಾಸಿವೆಯಷ್ಟು ನೀರಿನ ಹನಿಯನ್ನು ಪರದೆಯ ಮೇಲೆ ಇಡಿ. ಹನಿ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಒಳಗೆ ಕೆಂಪು ಚುಕ್ಕಿಗಳಿವೆ, ಹಸಿರು ಚುಕ್ಕಿಗಳಿವೆ. ಹಳದಿ ಎಲ್ಲೂ ಇಲ್ಲ, ಅಲ್ವಾ?

ಹಾಗಾದರೆ ನಾವು ಕಂಡ ಹಳದಿ ಎಲ್ಲಿಯದು? ಅದನ್ನು ಮಾಡಿದ್ದು ನಾವೇ. ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ ತೋರಿಸಿದ ನ್ಯೂಟನ್ 1704ರಲ್ಲೇ ಇದನ್ನು ಬರೆದಿದ್ದರು: ಕಿರಣಗಳಿಗೆ ಬಣ್ಣವಿಲ್ಲ, ನಮ್ಮಲ್ಲಿ ಬಣ್ಣದ ಅನುಭವ ಹುಟ್ಟಿಸುವ ಗುಣ ಮಾತ್ರ ಇದೆ. ನನಗೆ ಇದು ಇವತ್ತಿಗೂ ಬೆರಗು ಹುಟ್ಟಿಸುವ ಮಾತು.

ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಶಂಕು ಕೋಶಗಳಿವೆ. ಮೂರರಲ್ಲಿ ಯಾವುದು ಜಾಸ್ತಿ ಕೆರಳಿತು, ಯಾವುದು ಕಡಿಮೆ ಎಂದು ಹೋಲಿಸಿಯೇ ಬಣ್ಣ ತಿಳಿಯುವುದು. ಸುಮಾರು 580 ನ್ಯಾನೋಮೀಟರ್ ತರಂಗಾಂತರದ (ಅಲೆಯ ಉದ್ದದ) ಶುದ್ಧ ಹಳದಿ ಬೆಳಕು ಎರಡು ಬಗೆಯ ಕೋಶಗಳನ್ನು ಹೆಚ್ಚುಕಮ್ಮಿ ಒಂದೇ ಸಮ ಕೆರಳಿಸುತ್ತದೆ. ಕೆಂಪು, ಹಸಿರು ಬೆಳಕು ಒಟ್ಟಿಗೆ ಬಿದ್ದರೂ ಅಷ್ಟೇ. ಮಿದುಳಿಗೆ ಎರಡೂ ಒಂದೇ. ಟಿವಿ, ಮೊಬೈಲು, ಕಂಪ್ಯೂಟರು ಎಲ್ಲವೂ ಇದೊಂದನ್ನೇ ನಂಬಿಕೊಂಡು ನಡೆಯುತ್ತವೆ.

ಪೇಂಟಿನ ಲೆಕ್ಕವೇ ಬೇರೆ. ಅಲ್ಲಿ ಬೆಳಕು ಕೂಡುವುದಿಲ್ಲ, ಕಳೆಯುತ್ತದೆ. ಹಳದಿ ಪೇಂಟು ಬೆಳಕಿನ ನೀಲಿ ಭಾಗವನ್ನು ನುಂಗುತ್ತದೆ. ನೀಲಿ ಪೇಂಟು ಕೆಂಪನ್ನು ನುಂಗುತ್ತದೆ. ಎರಡನ್ನೂ ಬೆರೆಸಿದಾಗ, ಎರಡೂ ಮುಟ್ಟದೆ ಬಿಟ್ಟಿದ್ದು ಹಸಿರು.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. 19ನೇ ಶತಮಾನದ ಪ್ಯಾರಿಸ್. ಗೋಬ್ಲಾಂ ಎಂಬ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥ. ನೀಲಿ, ನೇರಳೆ ನೂಲಿನ ನಡುವೆ ನೇಯ್ದ ಕಪ್ಪು ಮಂಕಾಗಿದೆ ಎಂದು ದೂರು ಬಂತು. ಕಪ್ಪು ನೂಲನ್ನು ಬೇರೆ ಕಡೆಯ ನೂಲಿನ ಜೊತೆ ಇಟ್ಟು ಪರೀಕ್ಷಿಸಿದರು. ಬಣ್ಣದಲ್ಲಿ ಏನೂ ದೋಷವಿರಲಿಲ್ಲ. ಅಕ್ಕಪಕ್ಕದ ನೀಲಿಯೇ ಕಪ್ಪನ್ನು ಕೆಡಿಸಿತ್ತು! ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಹೊರೆಯೂ ನಿರ್ಧರಿಸುತ್ತದೆ ಎಂದು 1839ರಲ್ಲಿ ಅವರು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಗೋಡೆಗೆ ಬಳಿಯುವ ಬಣ್ಣವನ್ನು ಸುಮ್ನೆ ಅಂಗೈಯಗಲದ ಚೀಟಿ ನೋಡಿ ಆರಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಕೊನೆಗೆ ಇನ್ನೊಂದು ಪ್ರಯೋಗ. ಈ ಕೆಂಪು ಹಾಳೆಯ ನಡುವಿನ ಚುಕ್ಕಿಯನ್ನೇ 30 ಸೆಕೆಂಡು ದಿಟ್ಟಿಸಿ. ಕಣ್ಣು ಅಲುಗಿಸಬೇಡಿ. ಆಯ್ತಾ? ಈಗ ಬಿಳಿ ಗೋಡೆ ನೋಡಿ. ಹಸಿರು ಬೆರೆತ ತೆಳು ನೀಲಿ ಚೌಕ ತೇಲುತ್ತಿದೆ ಅಲ್ವಾ? ಕೆಂಪಿಗೆ ಹೆಚ್ಚು ಕೆರಳುವ ಕೋಶಗಳು ದಣಿದಿವೆ, ಉಳಿದವುಗಳ ಕೈ ಮೇಲಾಗಿದೆ. ಈಗ ನಿಧಾನಕ್ಕೆ ಕಣ್ಣನ್ನು ಬಲಕ್ಕೆ ಹೊರಳಿಸಿ. ನೋಡಿ, ಚೌಕವೂ ನಿಮ್ಮ ಜೊತೆಗೇ ಬಂತು.