ಮೊದಲು ದುಡ್ಡು, ಆಮೇಲೆ ಗಂಡ

ನಮಸ್ಕಾರ, ಬನ್ನಿ, ಕೂತ್ಕೊಳ್ಳಿ. ಇವತ್ತು ಬೇರೆ ಏನೋ ಮಾತಾಡಬೇಕು ಅಂತಿದ್ದೆ. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಬೆಳಗ್ಗೆ ಲೋಟ ಹಿಡಿದುಕೊಂಡು ಹೋದ ವಾರದ ವಿಡಿಯೋಗೆ ಬಂದ ಕಾಮೆಂಟ್ ನೋಡುತ್ತಾ ಕೂತೆ. ಕಾಫಿ ತಣ್ಣಗಾಯಿತು, ತಲೆ ಬಿಸಿಯಾಯಿತು.

ಓದುತ್ತೇನೆ, ಹೆಸರು ಬೇಡ. "ಅಕ್ಕಾ, ಜೇನ್ ಏರ್ ನಿಷ್ಕಲ್ಮಶ ಪ್ರೀತಿಯ ಕಥೆ. ಅದರಲ್ಲೂ ದುಡ್ಡಿನ ಲೆಕ್ಕ ತೆಗೀತೀರಲ್ಲ, ನಿಮಗೆ ಹೃದಯ ಇಲ್ವಾ?" ಕೆಳಗೆ ಮೂರು ಕೆಂಪು ಹೃದಯ. ನನಗಿಲ್ಲ ಅಂತ ಅವರೇ ಮೂರು ಕಳಿಸಿದ್ದಾರೆ. ಥ್ಯಾಂಕ್ಸ್ ತಮ್ಮಾ.

ಓದದೇ ಇರುವವರಿಗೆ ಬೇಗ ಹೇಳಿಬಿಡುತ್ತೇನೆ. ಶಾರ್ಲೆಟ್ ಬ್ರಾಂಟೆ 1847ರಲ್ಲಿ ಕರರ್ ಬೆಲ್ ಅನ್ನೋ ಸುಳ್ಳು ಹೆಸರಲ್ಲಿ ಪ್ರಕಟಿಸಿದ ಕಾದಂಬರಿ. ಜೇನ್ ಅಪ್ಪ ಅಮ್ಮ ಇಲ್ಲದ ಹುಡುಗಿ. ಥಾರ್ನ್‌ಫೀಲ್ಡ್ ಅನ್ನೋ ದೊಡ್ಡ ಬಂಗಲೆಗೆ ಗವರ್ನೆಸ್ ಆಗಿ ಬರುತ್ತಾಳೆ. ಅಂದರೆ ಮನೆಯಲ್ಲೇ ಇದ್ದು ಮಗುವಿಗೆ ಪಾಠ ಹೇಳುವ ಮೇಡಂ. ಯಜಮಾನ ರಾಚೆಸ್ಟರ್ ಜೊತೆ ಪ್ರೀತಿ. ಮದುವೆಯ ದಿನ ಚರ್ಚಿನಲ್ಲೇ ಗೊತ್ತಾಗುತ್ತದೆ, ಅವನ ಮೊದಲ ಹೆಂಡತಿ ಅದೇ ಬಂಗಲೆಯ ಮೇಲಿನ ಮಹಡಿಯಲ್ಲಿದ್ದಾಳೆ. ಇವಳು ಮನೆ ಬಿಟ್ಟು ಹೋಗುತ್ತಾಳೆ. ಆಮೇಲೆ ವಾಪಸ್ ಬಂದು ಅವನನ್ನೇ ಮದುವೆಯಾಗುತ್ತಾಳೆ.

ಎಲ್ಲರೂ ಇಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಹೋದದ್ದಕ್ಕೂ ಬಂದದ್ದಕ್ಕೂ ಮಧ್ಯೆ ಏನಾಯಿತು? ಮಡೈರಾ ದ್ವೀಪದಲ್ಲಿದ್ದ ಅಪ್ಪನ ಸೋದರ ಸತ್ತ. ಇವಳಿಗೆ 20,000 ಪೌಂಡ್ ಬಂತು. ಮೊದಲು ದುಡ್ಡು, ಆಮೇಲೆ ಗಂಡ. ನನ್ನ ಮಾತು ಇಷ್ಟೇ. ಬರೆದವಳು ಹಾಕಿದ ಕ್ರಮ ಅದು, ನಾನು ಹಾಕಿದ್ದಲ್ಲ.

ಲೆಕ್ಕ ಬೇಡ ಅಂದ್ರಲ್ವಾ? ಈಗ ಬರೀ ಲೆಕ್ಕವೇ. ಜೇನ್‌ಳ ಸಂಬಳ ವರ್ಷಕ್ಕೆ 30 ಪೌಂಡ್. ರಾಚೆಸ್ಟರ್ ಮೊದಲ ಹೆಂಡತಿ ಬರ್ತಾ ಮೇಸನ್ ಜೊತೆ ಬಂದದ್ದು 30,000 ಪೌಂಡ್. ಅದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ನಾನು ಹೇಳಬೇಕಿಲ್ಲ. ರಾಚೆಸ್ಟರ್ ಎರಡನೇ ಮಗ. ಆಸ್ತಿ ಪಾಲಾಗಬಾರದು ಅಂತ ಅಪ್ಪ ಎಲ್ಲವನ್ನೂ ದೊಡ್ಡ ಮಗನಿಗೆ ಕೊಟ್ಟ. ಚಿಕ್ಕವನನ್ನು ಜಮೈಕಾಕ್ಕೆ ಕಳಿಸಿ ತೋಟದ ಯಜಮಾನನ ಮಗಳನ್ನು ತಂದ. ಆ 30,000 ದುಡಿಯಲು ಜೇನ್ ಸಾವಿರ ವರ್ಷ ಪಾಠ ಮಾಡಬೇಕು. ಸಾವಿರ! ಜಮೈಕಾದ ತೋಟಗಳ ಹಿಂದಿನ ಗುಲಾಮಗಿರಿ ಬಗ್ಗೆ ಬೇರೆ ವಿಡಿಯೋ ಬರುತ್ತದೆ. ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ, ಇಲ್ಲದಿದ್ದರೆ ಗೊತ್ತಾಗಲ್ಲ.

ಪುಸ್ತಕದಲ್ಲಿ ನನಗೆ ಜೀವವಾದ ಒಂದು ಜಾಗ ಇದೆ. ಸ್ಟೇಟಸ್ ಹಾಕುವವರು ಇದನ್ನು ಹಾಕಲ್ಲ. ಜೇನ್‌ಳ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ಸಾಯುವ ಸ್ಥಿತಿಯಲ್ಲಿದ್ದಾರೆ, ಇವಳು ರಾಚೆಸ್ಟರ್ ಹತ್ರ ರಜೆ ಕೇಳಲು ಬರುತ್ತಾಳೆ. ಅವನು ಕೇಳುತ್ತಾನೆ, ನಿನ್ನ ಹತ್ರ ಎಷ್ಟಿದೆ? ಪರ್ಸ್ ತೆಗೆದು ತೋರಿಸುತ್ತಾಳೆ. ಐದು ಶಿಲಿಂಗ್, ಅಂದರೆ ಕಾಲು ಪೌಂಡ್. ನಕ್ಕುಬಿಟ್ಟು 50 ಪೌಂಡಿನ ನೋಟು ಕೊಡುತ್ತಾನೆ. ಅವನು ಕೊಡಬೇಕಾಗಿದ್ದು ಆರು ತಿಂಗಳ ಸಂಬಳ, 15 ಪೌಂಡ್ ಮಾತ್ರ. ಇವಳು, ಚಿಲ್ಲರೆ ಇಲ್ಲ ಸಾರ್ ಅನ್ನುತ್ತಾಳೆ. ಬೇಡ, ಇಟ್ಟುಕೋ ಅಂದರೂ ನನ್ನ ದುಡಿಮೆಗಿಂತ ಜಾಸ್ತಿ ಮುಟ್ಟಲ್ಲ ಅನ್ನುತ್ತಾಳೆ. ಕೊನೆಗೆ 10 ಕೊಡುತ್ತಾನೆ. ಆಗ ಈ ಹುಡುಗಿ ಹೇಳುವ ಮಾತೇನು ಗೊತ್ತಾ? ಹಾಗಾದರೆ ನೀವಿನ್ನೂ ಐದು ಬಾಕಿ!

ನೋಡಿ, ಅವಳಿಗೆ ಆಗಲೇ ಅವನ ಮೇಲೆ ಪ್ರಾಣ. ಆದರೂ ಐದು ಬಾಕಿ. ನಮ್ಮ ಚಾನೆಲ್ ಮಗ್ ಮೇಲೆ "ಇನ್ನೂ ಐದು ಬಾಕಿ" ಅಂತ ಬರೆದಿರೋದು ಯಾಕೆ ಅಂತ ಕೇಳುತ್ತಿದ್ರಲ್ಲ, ಇದಕ್ಕೇ. ಲಿಂಕ್ ಕೆಳಗಿದೆ.

ನಾನೂ ಒಂದು ಶಾಲೆಯಲ್ಲಿ ಪಾಠ ಮಾಡಿದವಳು. ಮೂರು ತಿಂಗಳ ಸಂಬಳ ಬಾಕಿ ಇತ್ತು. ಕೇಳಲು ಹೋದರೆ, "ನಾವೆಲ್ಲ ಒಂದೇ ಮನೆಯವರಲ್ವಾ ಮೇಡಂ" ಅಂದರು. ಮನೆಯವರಂತೆ! ಬಾಕಿ ಕೇಳಲು ನಾಚಿಕೆ ಪಟ್ಟುಕೊಂಡು ಬಂದೆ. ಜೇನ್‌ಗೆ 18 ವರ್ಷ, ನಾಚಿಕೆಪಡಲಿಲ್ಲ. ಇರಲಿ, ಅದು ನನ್ನ ಕಥೆ.

ಈಗ ಮದುವೆ ಜವಳಿ. ರಾಚೆಸ್ಟರ್ ಇವಳನ್ನು ಮಿಲ್ಕೋಟ್ ಪೇಟೆಗೆ ರೇಷ್ಮೆ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಕೆನ್ನೇರಳೆ ರೇಷ್ಮೆ, ಗುಲಾಬಿ ಸ್ಯಾಟಿನ್ ಆರಿಸುತ್ತಾನೆ. ಇವಳು ಬೇಡಿಕೊಂಡು ಕಪ್ಪು ಸ್ಯಾಟಿನ್, ಬೂದು ರೇಷ್ಮೆಗೆ ಇಳಿಸುತ್ತಾಳೆ. ಅವನು ಕೊಡಿಸಿದಷ್ಟೂ ಇವಳ ಕೆನ್ನೆ ಉರಿಯುತ್ತದೆ. ಖುಷಿಗಲ್ಲ, ಅವಮಾನಕ್ಕೆ. ಕನ್ನಡದಲ್ಲಿ ಎಷ್ಟು ಚೆಂದದ ಮಾತಿದೆ, ಹಂಗು. ಹಂಗಿನ ಸೀರೆ ಉಟ್ಟವಳಿಗೆ ಗೊತ್ತು ಅದರ ಭಾರ. ಮದುವೆಯಾದ ಮೇಲೂ ಮಗುವಿಗೆ ಪಾಠ ಹೇಳುತ್ತೇನೆ, ಊಟ ವಸತಿ ಜೊತೆ 30 ಪೌಂಡ್ ದುಡಿಯುತ್ತೇನೆ ಅಂತ ಗಾಡಿಯಲ್ಲೇ ಅವನಿಗೆ ಹೇಳುತ್ತಾಳೆ.

ಅವತ್ತು ಇನ್ನೂ ಒಂದು ಕೆಲಸ ನಿಶ್ಚಯಿಸುತ್ತಾಳೆ. ಮಡೈರಾದಲ್ಲಿದ್ದ ಅಪ್ಪನ ಸೋದರ ಜಾನ್ ಏರ್‌ಗೆ ಕಾಗದ ಬರೆಯಬೇಕು, ಮದುವೆಯಾಗ್ತಿದ್ದೀನಿ ಅಂತ. ಯಾಕೆ? ಮುಂದೆ ಒಂದಿಷ್ಟು ಸ್ವಂತ ದುಡ್ಡು ಬಂದರೆ ಈ ಹಂಗು ತಡೆದುಕೊಳ್ಳಬಹುದು ಅಂತ. ಆ ಕಾಗದ ತಲುಪಿದಾಗ ಮಡೈರಾದಲ್ಲಿ ಜಾನ್ ಏರ್ ಪಕ್ಕದಲ್ಲಿ ಯಾರಿದ್ದ ಹೇಳಿ? ಬರ್ತಾಳ ಸೋದರ ರಿಚರ್ಡ್ ಮೇಸನ್! ಅವನೇ ವಕೀಲನ ಜೊತೆ ಬಂದು ಚರ್ಚಿನಲ್ಲಿ ಮದುವೆ ನಿಲ್ಲಿಸಿದ್ದು.

ಅಂದರೆ ಏನಾಯಿತು? ಇವಳನ್ನು ಆ ಸುಳ್ಳು ಮದುವೆಯಿಂದ ಉಳಿಸಿದ್ದು ಪ್ರೀತಿಯಲ್ಲ ಸ್ವಾಮಿ, ದುಡ್ಡಿನ ಆಸೆಗೆ ಬರೆದ ಕಾಗದ! ಪ್ರೀತಿಯನ್ನೇ ನಂಬಿಕೊಂಡಿದ್ದರೆ ಹೆಂಡತಿ ಇರುವವನ ಹೆಂಡತಿಯಾಗುತ್ತಿದ್ದಳು. ಇದು ಹೃದಯ ಇಲ್ಲದ ನಾನು ಹೇಳುತ್ತಿರೋದು.

ಥಾರ್ನ್‌ಫೀಲ್ಡ್ ಬಿಡುವಾಗ ಅವನು ಕೊಟ್ಟ ಮುತ್ತಿನ ಸರ ಅಲ್ಲೇ ಇಟ್ಟು ಬರುತ್ತಾಳೆ. ಕೈಯಲ್ಲಿ 20 ಶಿಲಿಂಗ್. ಅದೂ ಗಾಡಿಗೇ ಹೋಯಿತು. ಗಂಟು ಗಾಡಿಯಲ್ಲೇ ಮರೆತಳು. ಮೂರು ದಿನ ಹಸಿವು. ಬ್ರೆಡ್ ಅಂಗಡಿಯಲ್ಲಿ ಕರ್ಚೀಫು ಇಟ್ಟುಕೊಂಡು ಒಂದು ಬನ್ ಕೊಡ್ತೀರಾ ಅನ್ನುತ್ತಾಳೆ. ಇಲ್ಲ ಅಂದರು. ಕೈಗವಸು? ಅದೂ ಬೇಡ. ಕೊನೆಗೆ ಒಂದು ಪುಟ್ಟ ಹುಡುಗಿ ಹಂದಿಗೆ ಸುರಿಯಲು ತಂದ ತಂಗಳು ಗಂಜಿ ಕೇಳಿ ತಿನ್ನುತ್ತಾಳೆ. ಈ ಪುಟ ಓದಿದ ಮೇಲೂ "ಪ್ರೀತಿ ಇದ್ರೆ ಸಾಕು" ಅನ್ನುವವರು ಒಂದು ಹೊತ್ತು ಊಟ ಬಿಟ್ಟು ನೋಡಿ. ಒಂದೇ ಹೊತ್ತು. ಸ್ವಿಗ್ಗಿ ಆ್ಯಪ್ ತೆಗೆದುಹಾಕಿ ಮೊದಲು.

ಹಾಂ, ಗೊತ್ತು, ಏನು ಹೇಳುತ್ತೀರ ಅಂತ. "ಅಕ್ಕಾ, 20,000ದಲ್ಲಿ 15,000 ಹಂಚಿಬಿಟ್ಟಳಲ್ಲ, ಅವಳಿಗೆ ದುಡ್ಡೇ ಬೇಕಿರಲಿಲ್ಲ." ಸೋದರತ್ತೆಯ ಮೂವರು ಮಕ್ಕಳಿಗೆ ತಲಾ 5,000 ಕೊಟ್ಟಳು. ತನಗೆಷ್ಟು ಇಟ್ಟುಕೊಂಡಳು? 5,000! ಸೊನ್ನೆ ಅಲ್ಲ. ಹಂಚಲು ಮೊದಲು ಇರಬೇಕಲ್ಲ ಮಾರಾಯ್ರೇ. ನನ್ನ ಹತ್ತಿರ ಇರೋದನ್ನು ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಒಂದು ಮಸಾಲೆ ದೋಸೆ ಬರಬಹುದು.

ನಾಲ್ಕು ಪಾಲು ಅಂದ ಮೇಲೆ ನೆನಪಾಯಿತು. ಶಾರ್ಲೆಟ್ 1841ರಲ್ಲಿ ತಾನೇ ಗವರ್ನೆಸ್ ಆಗಿದ್ದಳು. ವರ್ಷಕ್ಕೆ 20 ಪೌಂಡ್ ಅಂತ ಹೇಳಿ, ಬಟ್ಟೆ ಒಗೆದದ್ದಕ್ಕೆ 4 ಹಿಡಿದುಕೊಂಡು 16 ಕೊಡುತ್ತಿದ್ದರು. ಮುಂದಿನ ವರ್ಷ ಅವಳ ದೊಡ್ಡಮ್ಮ ಎಲಿಜಬೆತ್ ಬ್ರ್ಯಾನ್‌ವೆಲ್ ತೀರಿಕೊಂಡರು. ಅವರ ಉಳಿತಾಯ ಅವರ ಅಕ್ಕತಂಗಿಯರ ನಾಲ್ಕು ಹೆಣ್ಣುಮಕ್ಕಳಿಗೆ ಸಮಪಾಲಾಗಿ ಬಂತು. ನಾಲ್ಕು! 1846ರಲ್ಲಿ ಶಾರ್ಲೆಟ್, ಅವಳ ತಂಗಿಯರು ಸ್ವಂತ ಖರ್ಚಿನಲ್ಲಿ ಕವಿತೆ ಅಚ್ಚು ಹಾಕಿಸಿದರು. ಮೊದಲ ವರ್ಷ ಮಾರಾಟವಾಗಿದ್ದು ಎರಡು ಪ್ರತಿ. ನನ್ನ ಮೊದಲ ವಿಡಿಯೋಗೆ ಹನ್ನೊಂದು ವ್ಯೂಸ್, ಅದರಲ್ಲಿ ಏಳು ನಮ್ಮಮ್ಮ. ನಾನು ಗೆದ್ದೆ.

"ಆದರೆ ರಾತ್ರಿ ಅವನ ಧ್ವನಿ ಕೇಳಿ ತಾನೇ ಅವಳು ಹೊರಟಿದ್ದು?" ಹೌದು, ಜೇನ್ ಜೇನ್ ಜೇನ್ ಅಂತ ಮೂರು ಸಲ ಕೇಳಿಸಿತು. ಅವಳು ಮಾರ್ಟನ್ ಹಳ್ಳಿಯಲ್ಲಿ ಅದೇ 30 ಪೌಂಡಿಗೆ ಬಡಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾಗ ಯಾಕೆ ಕೇಳಿಸಲಿಲ್ಲ? ನೆಟ್‌ವರ್ಕ್ ಇರಲಿಲ್ವಾ? 5,000 ರೀಚಾರ್ಜ್ ಆದ ಮೇಲೇ ಸಿಗ್ನಲ್ ಬಂತು. ಮೊದಲು ದುಡ್ಡು, ಆಮೇಲೆ ಗಂಡ!

ಕಾನೂನು ಓದಿದ ಒಬ್ಬರು ಬರೆದಿದ್ದಾರೆ, "ಆ ಕಾಲದಲ್ಲಿ ಮದುವೆಯಾದರೆ ಹೆಂಡತಿ ದುಡ್ಡು ಗಂಡನದ್ದೇ, 1870, 1882ರ ಕಾಯ್ದೆ ಬರುವವರೆಗೂ, ಹಾಗಾಗಿ ನಿಮ್ಮ ವಾದ ಬಿದ್ದುಹೋಯಿತು." ಬಿದ್ದಿಲ್ಲ. ಯಾಕೆ ಬಿದ್ದಿಲ್ಲ ಅಂದರೆ... ನೋಡಿ, ಇಲ್ಲಿ ಒಂದು ಪಾಯಿಂಟ್ ಬರೆದಿದ್ದೆ, ಕಾಫಿ ಚೆಲ್ಲಿದೆ, ಓದಕ್ಕಾಗ್ತಿಲ್ಲ. ಬಿದ್ದಿಲ್ಲ ಅಷ್ಟೇ. ಅವಳು ವಾಪಸ್ ಬಂದು ರಾಚೆಸ್ಟರ್ ಬಾಗಿಲು ತಟ್ಟುವಾಗ ಮದುವೆ ಆಗಿತ್ತಾ? ಇಲ್ಲ. ದುಡ್ಡು ಯಾರದ್ದು? ಅವಳದ್ದು! ಮುಗೀತು.

ಆ ಬಾಗಿಲಿಗೆ ಹೇಗೆ ಹೋದಳು ಗೊತ್ತಾ? ಕಾಸಿಲ್ಲದೆ ಇಳಿದಿದ್ದ ಅದೇ ಕುದುರೆಗಾಡಿ ಹತ್ತಿ ಥಾರ್ನ್‌ಫೀಲ್ಡ್‌ಗೆ ಬರುತ್ತಾಳೆ. ಬಂಗಲೆ ಸುಟ್ಟುಹೋಗಿದೆ, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ಅವನು ಕುರುಡನಾಗಿ ಫರ್ನ್‌ಡೀನ್ ಅನ್ನೋ ತನ್ನ ಇನ್ನೊಂದು ಮನೆಯಲ್ಲಿದ್ದಾನೆ ಅಂತ ತಿಳಿದು, ಕತ್ತಲಾಗೋದರೊಳಗೆ ಮುಟ್ಟಿಸು, ಎರಡರಷ್ಟು ಬಾಡಿಗೆ ಕೊಡ್ತೀನಿ ಅಂತ ಗಾಡಿ ಮಾಡುತ್ತಾಳೆ. ಎರಡರಷ್ಟು! ಹಂದಿ ಗಂಜಿ ತಿಂದವಳು! ಒಳಗೆ ಹೋಗಿ ಏನು ಹೇಳುತ್ತಾಳೆ? ನಾನೀಗ ಸ್ವತಂತ್ರಳು, ದುಡ್ಡೂ ಇದೆ. ನೀವು ಜಾಗ ಕೊಡದಿದ್ದರೆ ನಿಮ್ಮ ಬಾಗಿಲ ಪಕ್ಕದಲ್ಲೇ ನನ್ನ ಮನೆ ಕಟ್ಟಿಸುತ್ತೇನೆ. ಅಯ್ಯೋ, ನನಗೆ ರೋಮಾಂಚನ ಆಗುತ್ತಿದೆ ನೋಡಿ, ಕೈ ನೋಡಿ. ಇದಕ್ಕಿಂತ ಪ್ರೀತಿಯ ಮಾತು ಇನ್ನೇನು ಬೇಕು ನಿಮಗೆ?

ಸರಿ, ಗಂಟಲು ಹೋಯಿತು. ಮೆಂಬರ್‌ಶಿಪ್ ತಿಂಗಳಿಗೆ 59 ರೂಪಾಯಿ. ಹಂಗಿಲ್ಲ, ಬಾಕಿಯೂ ಬೇಡ. ಮೂರು ಹೃದಯ ಕಳಿಸಿದ ತಮ್ಮಾ, ನೀನು ಇನ್ನೊಂದು ಸಲ ಪುಸ್ತಕ ಓದಿ ಬಾ. ರಾಚೆಸ್ಟರ್ ಆ ಐದು ಪೌಂಡ್ ಕೊಟ್ಟನಾ ಇಲ್ವಾ, ಹುಡುಕಿ ಕಾಮೆಂಟ್ ಹಾಕು. ಮೊದಲು ಹುಡುಕಿದವರಿಗೆ ಮಗ್ ಫ್ರೀ. ಕೊರಿಯರ್ ಚಾರ್ಜ್ ನಿಮ್ಮದೇ.