ವಾರ್‌ಲಾರ್ಡ್‌ಗಳಿಗೆ ಬೀಜಿಂಗ್ ಮೇಲೆ ಯಾಕೆ ಅಷ್ಟು ಆಸೆ?

ನಮಸ್ಕಾರ ಸ್ನೇಹಿತರೇ. ವಾರ್‌ಲಾರ್ಡ್ ಅಂದರೆ ಸ್ವಂತ ಸೈನ್ಯ ಇಟ್ಟುಕೊಂಡು ತನ್ನ ಪ್ರದೇಶ ಆಳುತ್ತಿದ್ದ ಸೇನಾಧಿಪತಿ. ಹೋದ ಎಪಿಸೋಡ್ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಚೀನಾದ ಆ ವಾರ್‌ಲಾರ್ಡ್‌ಗಳೆಲ್ಲ ಬರೀ ದರೋಡೆಕೋರರು. ಸುಮ್ನೆ ಹೊಡೆದಾಡಿ ಸತ್ತರು. ಅದರಲ್ಲಿ ತಿಳ್ಕೊಳ್ಳೋಕೆ ಏನಿದೆ?" ಅದಕ್ಕೆ ಲೈಕ್ ಬೇರೆ ಬಿದ್ದಿವೆ! ನನಗೆ ನಿಜವಾಗಲೂ ಸಿಟ್ಟು ಬಂತು.

ಸುಮ್ನೆ ಯಾರೂ ಹೊಡೆದಾಡಲಿಲ್ಲ ಸಾರ್. ಬೀಜಿಂಗ್‌ಗಾಗಿ ಹೊಡೆದಾಡಿದರು. ಬೀಜಿಂಗ್‌ನಲ್ಲಿ ಕೂತವನಿಗೆ ಮಾತ್ರ ಹೊರದೇಶದವರ ಸಾಲ, ಸುಂಕ, ಮರ್ಯಾದೆ ಎಲ್ಲಾ ಸಿಗುತ್ತಿತ್ತು. ಇವತ್ತು ನಾನು ಹೇಳುವುದು ಇದೊಂದೇ ಮಾತು.

1916ರ ಜೂನ್ 6ರಂದು ಅಧ್ಯಕ್ಷ ಯುವಾನ್ ಶಿಕಾಯ್ ಸತ್ತ. ಅವನು ಬೆಳೆಸಿದ ಬೆಯ್‌ಯಾಂಗ್ ಸೇನೆ ಒಡೆದುಹೋಯಿತು. ದುವಾನ್ ಚಿರುಯ್‌ದು ಆನ್‌ಹುಯ್ ಬಣ. ತ್ಸಾವ್ ಕುನ್ ಮತ್ತು ವು ಪೆಯ್‌ಫು ಅವರದ್ದು ಝಿಲಿ ಬಣ. ಈಶಾನ್ಯದ ಮಂಚೂರಿಯಾದಲ್ಲಿ ಝಾಂಗ್ ಜುವೊಲಿನ್, ಅವನದು ಫೆಂಗ್‌ಟಿಯನ್ ಬಣ. ಹೆಸರುಗಳು ಇಷ್ಟು ಸಾಕು.

ಈಗ ದುಡ್ಡಿನ ಕಡೆ ಬನ್ನಿ. ಚೀನಾದ ಬಂದರುಗಳ ಸುಂಕ ಆಗ ವಿದೇಶಿ ಅಧಿಕಾರಿಗಳ ಹಿಡಿತದಲ್ಲಿತ್ತು. ಬಂದ ಹಣದಲ್ಲಿ ಮೊದಲು ಹಳೆಯ ಸಾಲ, 1900ರ ಬಾಕ್ಸರ್ ದಂಗೆಗೆ ವಿದೇಶಗಳು ಹಾಕಿದ ದಂಡ ಎಲ್ಲಾ ಕಟ್ಟಬೇಕು. ಉಳಿದದ್ದು ಅವರು ಒಪ್ಪಿದ ಸರ್ಕಾರಕ್ಕೆ, ಅಂದರೆ ಬೀಜಿಂಗ್‌ಗೆ. ಉಪ್ಪಿನ ತೆರಿಗೆಯದ್ದೂ ಇದೇ ಕಥೆ. 1913ರಲ್ಲಿ ಯುವಾನ್ 2.5 ಕೋಟಿ ಪೌಂಡ್ ಸಾಲ ತಂದಾಗ ಉಪ್ಪಿನ ತೆರಿಗೆಯನ್ನೇ ಅಡ ಇಟ್ಟ. ಅದನ್ನು ನೋಡಿಕೊಳ್ಳಲು ಬಂದವನು ರಿಚರ್ಡ್ ಡೇನ್. ಈತ ಮುಂಚೆ ನಮ್ಮ ಭಾರತದಲ್ಲೇ ಉಪ್ಪು ಮತ್ತು ಅಬಕಾರಿ ಇಲಾಖೆಯ ದೊಡ್ಡ ಅಧಿಕಾರಿಯಾಗಿದ್ದ! ಇಲ್ಲಿ ಕಲಿತ ವಿದ್ಯೆ ಅಲ್ಲಿ ಕೆಲಸಕ್ಕೆ ಬಂತು.

ಮನೆ ಪತ್ರ ಯಾರ ಹೆಸರಲ್ಲಿದೆಯೋ ಅವರಿಗೇ ತಾನೇ ಬ್ಯಾಂಕ್ ಸಾಲ ಕೊಡುವುದು? ಬೀಜಿಂಗ್ ಆ ಪತ್ರ. ಅಷ್ಟೇ. ದುವಾನ್ ಬೀಜಿಂಗ್‌ನಲ್ಲಿದ್ದ 1917-18ರಲ್ಲಿ ಜಪಾನ್‌ನಿಂದ ನಿಶಿಹಾರಾ ಸಾಲ ಅಂತ 14.5 ಕೋಟಿ ಯೆನ್ ಬಂತು. ಯಾವುದೋ ಹಳ್ಳಿಯಲ್ಲಿ ಕೋವಿ ಹಿಡಿದು ನಿಂತವನಿಗೆ ಇಷ್ಟು ಕೊಡುತ್ತಿದ್ದರಾ? 1920ರ ಜುಲೈನಲ್ಲಿ ಝಿಲಿ ಮತ್ತು ಫೆಂಗ್‌ಟಿಯನ್ ಸೇರಿಕೊಂಡು ದುವಾನ್‌ನನ್ನು ಕೆಳಗಿಳಿಸಿದವು. 1922ರಲ್ಲಿ ಆ ಇಬ್ಬರೇ ಕಚ್ಚಾಡಿದರು. ಬೀಜಿಂಗ್‌ಗಾಗಿ!

ನಂಬಿಕೆ ಬರಲಿಲ್ವಾ? ಕ್ರಾಂತಿಕಾರಿ ನಾಯಕ ಸನ್ ಯಾತ್-ಸೆನ್ ಅವರನ್ನು ನೋಡಿ. ದಕ್ಷಿಣದ ಗುವಾಂಗ್‌ಝೌನಲ್ಲಿ ಬೇರೆ ಸರ್ಕಾರ ಕಟ್ಟಿಕೊಂಡಿದ್ದರು. 1923ರ ಕೊನೆಯಲ್ಲಿ ಸುಂಕದಲ್ಲಿ ನಮ್ಮ ಪಾಲು ಕೊಡಿ ಅಂದರು. ವಿದೇಶಿಯರು ಏನು ಮಾಡಿದರು ಗೊತ್ತಾ? ಗುವಾಂಗ್‌ಝೌ ಮುಂದೆ ಯುದ್ಧನೌಕೆಗಳನ್ನು ತಂದು ನಿಲ್ಲಿಸಿದರು. ಅವರದೇ ಊರಿನ ಬಂದರು, ಅಲ್ಲೇ ವಸೂಲಾದ ಸುಂಕ. ಆದರೂ ಅವರಿಗಿಲ್ಲ. ಯಾಕೆ? ಅವರು ಬೀಜಿಂಗ್‌ನಲ್ಲಿ ಇರಲಿಲ್ಲ!

ನನಗೆ ತುಂಬಾ ಇಷ್ಟವಾದ ಘಟನೆ ಅದೇ ವರ್ಷ ಜೂನ್‌ನದ್ದು. ಅಧ್ಯಕ್ಷ ಲಿ ಯುವಾನ್‌ಹಾಂಗ್ ಅವರನ್ನು ಝಿಲಿಯವರು ಬೀಜಿಂಗ್‌ನಿಂದ ಓಡಿಸಿದರು. ಮನುಷ್ಯ ರೈಲು ಹತ್ತಿ ಟಿಯಾಂಜಿನ್‌ಗೆ ಹೊರಟ. ಹೋಗಲಿ ಅಂತ ಬಿಟ್ಟರಾ? ಇಲ್ಲ. ಟಿಯಾಂಜಿನ್ ಹತ್ತಿರ ರೈಲನ್ನೇ ತಡೆದರು. ಸರ್ಕಾರಿ ಆದೇಶಕ್ಕೆ ಒತ್ತುವ ಅಧ್ಯಕ್ಷರ ಮೊಹರುಗಳು ಎಲ್ಲಿ ಅಂತ ಹಿಡಿದುಕೊಂಡರು. ಅವು ಬೀಜಿಂಗ್‌ನ ಫ್ರೆಂಚ್ ಆಸ್ಪತ್ರೆಯಲ್ಲಿದ್ದ ಅವನ ಎರಡನೇ ಹೆಂಡತಿಯ ಹತ್ತಿರ ಇದ್ದವು. ಮೊಹರು ಕೈಗೆ ಸಿಕ್ಕಿ, ರಾಜೀನಾಮೆಗೆ ಸಹಿ ಬಿದ್ದ ಮೇಲೇ ಅವನನ್ನು ಬಿಟ್ಟಿದ್ದು. ಬರೀ ದರೋಡೆಕೋರರು ಮೊಹರಿಗಾಗಿ ರೈಲು ತಡೆಯುತ್ತಾರಾ? ಚಿನ್ನ ಕೇಳುತ್ತಾರೆ!

ಅಕ್ಟೋಬರ್‌ನಲ್ಲಿ ತ್ಸಾವ್ ಕುನ್ ಆ ಕುರ್ಚಿಯನ್ನು ಕೊಂಡುಕೊಂಡ. ಸಂಸದರಿಗೆ ಒಂದು ವೋಟಿಗೆ 5000 ಯುವಾನ್. ಶಾವ್ ರುಯ್‌ಪೆಂಗ್ ಅನ್ನುವ ಸಂಸದ ಆ ಚೆಕ್ಕನ್ನೇ ಜನರ ಮುಂದೆ ಇಟ್ಟ. ಎಂಥ ಧೈರ್ಯ ನೋಡಿ. ಆದರೂ ತ್ಸಾವ್ ಕುನ್ ಗೆದ್ದ. ಅಷ್ಟು ದುಡ್ಡು ಸುರಿದು ಬೆಲೆಯಿಲ್ಲದ ಕುರ್ಚಿ ಯಾರಾದರೂ ಕೊಳ್ಳುತ್ತಾರಾ?

ಈ ವಿಷಯಗಳನ್ನು ಕನ್ನಡದಲ್ಲಿ ಹೇಳುವ ಚಾನೆಲ್‌ಗಳು ಕಡಿಮೆ. ಇಷ್ಟವಾದರೆ ಸಬ್‌ಸ್ಕ್ರೈಬ್ ಆಗಿ, ಇತಿಹಾಸ ಓದುವ ಗೆಳೆಯರಿಗೆ ಕಳಿಸಿ.

ಇನ್ನು ಕೆಲವರು "ವು ಪೆಯ್‌ಫು ದೇಶಭಕ್ತ, ಓದಿದವನು" ಅನ್ನುತ್ತಾರೆ. ಓದಿದವನೇ, ಯಾರು ಇಲ್ಲ ಅಂದರು? ಆದರೆ 1923ರ ಫೆಬ್ರವರಿಯಲ್ಲಿ ಬೀಜಿಂಗ್-ಹಾಂಕೌ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ ಗುಂಡು ಹಾರಿಸಿದ್ದು ಅವನ ಕಡೆಯವರೇ. ಆ ರೈಲಿನ ಆದಾಯದಿಂದ ಅವನ ಸೈನ್ಯ ನಡೆಯುತ್ತಿತ್ತು. ದೇಶಭಕ್ತಿಯಂತೆ! "ಶಾನ್‌ಶಿ ಪ್ರಾಂತ್ಯದಲ್ಲಿ ಯಾನ್ ಶಿಶಾನ್ ಅನ್ನುವ ವಾರ್‌ಲಾರ್ಡ್ ಬೀಜಿಂಗ್ ಜಗಳದಿಂದ ದೂರ ಉಳಿದು ದಶಕಗಳ ಕಾಲ ಆಳಲಿಲ್ವಾ" ಅಂತ ಇನ್ನೊಬ್ಬರು. ಉಳಿದ, ಆಳಿದ. ಬೆಟ್ಟಗಳ ಮಧ್ಯೆ ಕೂತ ಒಬ್ಬನನ್ನು ತೋರಿಸಿ ನನ್ನ ಮಾತು ಸುಳ್ಳು ಅನ್ನಬೇಡಿ.

1924ಕ್ಕೆ ಬನ್ನಿ. ವು ಪೆಯ್‌ಫು ಮಂಚೂರಿಯಾದ ಬಾಗಿಲಿನಂತಿದ್ದ ಶಾನ್‌ಹೈಗುವಾನ್‌ನಲ್ಲಿ ಫೆಂಗ್‌ಟಿಯನ್ ಸೈನ್ಯದ ಎದುರು ನಿಂತಿದ್ದ. ಅಕ್ಟೋಬರ್ 23ರಂದು ಅವನದೇ ಕಡೆಯ ಫೆಂಗ್ ಯುಶಿಯಾಂಗ್ ಎಲ್ಲಿಗೆ ನುಗ್ಗಿದ? ಬೀಜಿಂಗ್‌ಗೆ! ತ್ಸಾವ್ ಕುನ್‌ನನ್ನು ಕೂಡಿಹಾಕಿದ. ವು ಹಡಗು ಹತ್ತಿ ಓಡಬೇಕಾಯಿತು. ಆಮೇಲೆ ಸೋತು ಮೂಲೆ ಸೇರಿದ್ದ ದುವಾನ್‌ನನ್ನೇ ಕರೆದು ಬೀಜಿಂಗ್‌ನಲ್ಲಿ ಕೂರಿಸಿದರು. ಸೈನ್ಯ ಇಲ್ಲದ ದುವಾನ್! ಜನ ಬದಲಾದರು, ಬಣ ಬದಲಾಯಿತು, ಊರು ಮಾತ್ರ ಅದೇ. ಬೀಜಿಂಗ್, ಬೀಜಿಂಗ್, ಬೀಜಿಂಗ್. ಇನ್ನೂ ಎಷ್ಟು ಸಲ ಹೇಳಲಿ?

ಕಾಮೆಂಟ್ ಹಾಕಿದವರೇ, ನಿಮ್ಮ ಹತ್ತಿರ ಬೇರೆ ಉತ್ತರ ಇದ್ದರೆ ಬರೆಯಿರಿ, ನಾನು ಓದುತ್ತೇನೆ. "ಸುಮ್ನೆ" ಅಂತ ಮಾತ್ರ ಬರೆಯಬೇಡಿ. ಮುಂದಿನ ಎಪಿಸೋಡ್‌ನಲ್ಲಿ 1928ರ ಜೂನ್ 4, ಝಾಂಗ್ ಜುವೊಲಿನ್ ಕೂತಿದ್ದ ರೈಲಿಗೆ ಜಪಾನಿ ಸೈನ್ಯಾಧಿಕಾರಿಗಳು ಬಾಂಬ್ ಇಟ್ಟ ಕಥೆ. ಆ ರೈಲು ಎಲ್ಲಿಂದ ಹೊರಟಿತ್ತು ಅಂತ ನೀವೇ ಹೇಳಿ!